ತಾಯಿಯ ಮೊರದಲ್ಲಿ ಗುಳಿಗೆ ಡಬ್ಬಿ

ಬಸ್ಸಿನ ಕಿಟಕಿ ಸೀಟಿಗಾಗಿ ಜಗಳ ಮಾಡುವ ವಯಸ್ಸು ನನ್ನದಲ್ಲ. ಆದರೂ ಮಾಡುತ್ತೇನೆ. ಬೈಲಹೊಂಗಲದಿಂದ ಒಂದು ದಿನ ಕಿತ್ತೂರು, ಒಂದು ದಿನ ಸವದತ್ತಿ, ಇನ್ನೊಂದು ದಿನ ರಾಮದುರ್ಗ ಎಂದು ಸುತ್ತಿ ಸುತ್ತಿ ಮೊಣಕಾಲು ಹೋದವು, ಸೊಂಟ ಹೋಯಿತು, ಸಹನೆಯಂತೂ ಎಂದೋ ಹೋಗಿದೆ. "ನಿನ್ನ ಕಾಲಾಗ ಚಕ್ರ ಅದಾವ ನೋಡ" ಎಂದು ನಮ್ಮ ಯಜಮಾನರು ನಗುತ್ತಾರೆ. ಚಕ್ರ ಇದ್ದಿದ್ದರೆ ನಾನು ಬಿಸಿಲಲ್ಲಿ ಬಸ್ಸಿಗೆ ಯಾಕೆ ಕಾಯುತ್ತಿದ್ದೆ, ಅಷ್ಟೂ ತಿಳಿಯುವುದಿಲ್ಲ ಅವರಿಗೆ.

ನನ್ನ ಕೆಲಸ ಹೇಳಿಕೊಳ್ಳಲು ಸುಲಭ. ಹುಟ್ಟುವಾಗಲೇ ತಾಯಿಯಿಂದ ಎಚ್‌ಐವಿ ಬಂದ ಮಕ್ಕಳು ದಿನಾ ಗುಳಿಗೆ ನುಂಗುತ್ತಾರೋ ಇಲ್ಲವೋ ನೋಡುವುದು. ನುಂಗದಿದ್ದರೆ ಮನೆಯವರನ್ನು ರಮಿಸುವುದು. ರಮಿಸಿದರೂ ಕೇಳದಿದ್ದರೆ ಬೈಯುವುದು. ಬೈಯುವುದರಲ್ಲಿ ನನಗೆ ನಾಲ್ಕೂ ತಾಲೂಕಿನಲ್ಲಿ ಹೆಸರಿದೆ. ಗುಳಿಗೆ ಕೊಡುವ ಕೇಂದ್ರದಲ್ಲಿ ನನ್ನ ದನಿ ಕೇಳಿದರೆ ಹೊರಗೆ ಕೂತವರು ಸೆರಗು ಸರಿಮಾಡಿಕೊಳ್ಳುತ್ತಾರೆ ಎಂದು ನರ್ಸುಗಳು ಚೇಷ್ಟೆ ಮಾಡುತ್ತಾರೆ.

ಈ ರೋಗದ ಗುಣವೇ ವಿಚಿತ್ರ. ಅದು ತಾನೇ ಮುಂದೆ ಬಂದು ಹೊಡೆಯುವುದು ಕಡಿಮೆ, ಮೈಯೊಳಗಿನ ಕಾವಲನ್ನು ಮೆಲ್ಲಗೆ ತೆಗೆದುಬಿಡುತ್ತದೆ. ಕಾವಲಿಲ್ಲದ ಹೊಲಕ್ಕೆ ಊರ ದನ ನುಗ್ಗುವ ಹಾಗೆ ಆಮೇಲೆ ಉಳಿದವು ನುಗ್ಗುತ್ತವೆ. ಬೇರೆ ಮಕ್ಕಳಿಗೆ ತುಟಿಯ ಮೇಲೆ ಒಂದು ಗುಳ್ಳೆಯಾಗಿ ಹೋಗುವುದು ಈ ಮಕ್ಕಳಿಗೆ ಬಾಯಿ ತುಂಬ ಹುಣ್ಣಾಗುತ್ತದೆ. ಮುದುಕರಿಗೆ ಬರುವ ಸರ್ಪಹುಣ್ಣು ಏಳೆಂಟು ವರ್ಷದ ಕೂಸಿನ ಪಕ್ಕೆಗೆ ಬಂದದ್ದನ್ನು ನಾನು ನೋಡಿದ್ದೇನೆ. ಶಾಲೆಗೆ ಹೋಗುವ ಎಲ್ಲ ಮಕ್ಕಳಿಗೂ ಒಮ್ಮೆ ಬಂದು ಹೋಗುವ ನೀರುಗುಳ್ಳೆ, ನಾವು 'ಅಮ್ಮ' ಎನ್ನುವುದು, ಇವರಿಗೆ ಬಂದರೆ ಹೋಗಲು ಒಲ್ಲೆನ್ನುತ್ತದೆ. ಒಮ್ಮೊಮ್ಮೆ ಎದೆಗೂ ಇಳಿಯುತ್ತದೆ. ಗುಳಿಗೆ ತಪ್ಪದೆ ನಡೆದರೆ ಇದೆಲ್ಲ ಬಾಗಿಲ ಹೊರಗೇ ಇರುತ್ತದೆ. ಎಷ್ಟು ವರ್ಷ ಇದೇ ಮಾತನ್ನು ಹೇಳಿ ಹೇಳಿ ನನ್ನ ನಾಲಿಗೆಯೇ ಸವೆದಿದೆ.

ಮನೋಳಿಯ ಆಚೆ, ಹೊಳೆಯ ದಂಡೆಗೆ ಒಂದು ಊರು. ಅಲ್ಲಿ ಒಬ್ಬ ಹುಡುಗಿ, ಐದನೆಯ ಇಯತ್ತೆ. ಅಪ್ಪ ಅವ್ವ ಇಬ್ಬರೂ ಒಬ್ಬರ ಹಿಂದೆ ಒಬ್ಬರು ಹೋದ ಮೇಲೆ ಅವ್ವನ ಅವ್ವನೇ ಅವಳನ್ನು ಸಾಕಿದ್ದಳು. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತಾರೆ. ನಾನೂ ಆಕೆಯನ್ನು ಹಾಗೇ ಕರೆಯುತ್ತಿದ್ದೆ, ಆಕೆಗೆ ನಾನು ಬಾಯಾರು, ಅಂದರೆ ಮೇಡಮ್ಮು. ಆಯಿ ಖಾನಾವಳಿಗಳಿಗೆ, ಮದುವೆಗಳಿಗೆ ಕಡಕ್ ರೊಟ್ಟಿ ಬಡಿದು ಕೊಡುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಒಲೆಯ ಮೇಲೆ ಹಂಚು. ಕೊನೆಯ ರೊಟ್ಟಿ ಹಂಚಿನಿಂದ ಇಳಿದ ಕೂಡಲೇ ಕೈ ತೊಳೆದು, ಡಬ್ಬಿಯಿಂದ ಗುಳಿಗೆ ತೆಗೆದು ಹುಡುಗಿಯ ಬಾಯಿಗೆ ಹಾಕುವುದು. ಗಡಿಯಾರ ನೋಡಿ ಕೊಡಿ ಎಂದು ನಾನು ಎಷ್ಟೋ ಸಲ ಹೇಳಿದ್ದೆ. "ನನ್ನ ಹಂಚ ನಿಮ್ಮ ಗಡ್ಯಾಳಕ್ಕಿಂತ ನೆಟ್ಟಗ ಐತ್ರಿ ಬಾಯಾರ" ಎಂದಿದ್ದಳು. ಅದು ನಿಜವೇ ಆಗಿತ್ತು, ಹುಡುಗಿ ಚೆನ್ನಾಗಿ ಬೆಳೆಯುತ್ತಿದ್ದಳು, ನಾನು ಸುಮ್ಮನಾದೆ.

ಊರಿಗೆ ಮತ್ತು ಹುಡುಗಿಗೆ ಆಯಿ ಒಂದೇ ಮಾತು ಹೇಳಿಟ್ಟಿದ್ದಳು. ಕೂಸಿಗೆ ರಕ್ತ ಕಡಿಮೆ ಇದೆ, ಅದಕ್ಕೆ ಗುಳಿಗೆ. ಹುಡುಗಿಗೆ ನಿಜ ಹೇಳುವ ವಯಸ್ಸು ಬರುತ್ತಿದೆ ಎಂದು ನಾವು ಹೇಳಿದಾಗಲೆಲ್ಲ ಆಯಿ ನನ್ನ ಕೈ ಹಿಡಿಯುತ್ತಿದ್ದಳು. "ಇನ್ನೊಂದೀಟ ದೊಡ್ಡಾಕಿ ಆಗಲ್ರಿ. ಈಗ ನಗಾಕತ್ತೈತಿ ಕೂಸು, ನಗಲಿ." ಯಾವ ಬಾಯಿಯಿಂದ ಒತ್ತಾಯ ಮಾಡಬೇಕು?

ಅಂತಹ ಆಯಿ ಒಂದು ತಿಂಗಳು ಗುಳಿಗೆ ಒಯ್ಯಲು ಕೇಂದ್ರಕ್ಕೆ ಬರಲಿಲ್ಲ. ಮೊದಲು ನಾನು ತಲೆ ಕೆಡಿಸಿಕೊಳ್ಳಲಿಲ್ಲ, ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ, ಡಬ್ಬಿ ಖಾಲಿಯಾದರೆ ಬರುತ್ತಾಳೆ ಎಂದುಕೊಂಡೆ. ಬರಲೇ ಇಲ್ಲ. ಫೋನು ಮಾಡಿದೆ. ಆಕೆ ಪಿಸುಮಾತಿನಲ್ಲಿ, ಯಾರೋ ನಿದ್ದೆ ಮಾಡುತ್ತಿರುವ ಕೋಣೆಯಿಂದ ಮಾತಾಡಿದ ಹಾಗೆ, "ಮನಿಗೆ ತಾಯಿ ಬಂದಾಳ್ರಿ ಬಾಯಾರ. ಈಗ ಏನೂ ಕೇಳಬ್ಯಾಡ್ರಿ. ಬರೂದೂ ಬ್ಯಾಡ್ರಿ" ಎಂದು ಇಟ್ಟುಬಿಟ್ಟಳು.

ನನಗೆ ಕೂಡಲೇ ತಿಳಿಯಿತು. ಹುಡುಗಿಗೆ ಅಮ್ಮ ಆಗಿವೆ. ನಾನೇನು ಬೇರೆ ದೇಶದಿಂದ ಬಂದವಳೇ? ನನಗೂ ಚಿಕ್ಕಂದಿನಲ್ಲಿ ಆಗಿದ್ದವು, ಹುಬ್ಬಿನ ಮೇಲೆ ಇನ್ನೂ ಒಂದು ಕಲೆ ಇದೆ. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಚುಂಯ್ ಅನ್ನಬಾರದು. ಒಲೆಯ ಮೇಲೆ ಹಂಚು ಇಡಬಾರದು, ರೊಟ್ಟಿ ಸುಟ್ಟರೆ ಕೂಸಿನ ಮೈ ಸುಟ್ಟ ಹಾಗೆ. ದಾರಿ ತುಳಿದು ಬಂದವರು ಒಳಗೆ ಕಾಲಿಡಬಾರದು. ಔಷಧದ ಹೆಸರೆತ್ತಬಾರದು, ಬಂದ ತಾಯಿ ಸಿಟ್ಟಾಗುತ್ತಾಳೆ. ಮಲಗಿದ ಕೂಸು ಆ ದಿನಗಳಲ್ಲಿ ಕೂಸೇ ಅಲ್ಲ, ತಾಯಿ. ನಮ್ಮವ್ವ ನನ್ನ ಮುಂದೆ ಕೈಮುಗಿದು, "ಏನ ಬೇಕ ತಾಯಿ, ಕೇಳವ್ವ" ಎಂದು ಕೇಳುತ್ತಿದ್ದಳು. ನಾನು ಪೇಢೆ ಬೇಕು ಎಂದೆ. ಅಪ್ಪ ಧಾರವಾಡಕ್ಕೆ ಹೋಗಿ ತಂದರು. ಮೈ ಎಷ್ಟು ತುರಿಸುತ್ತಿದ್ದರೂ ಆ ಅಧಿಕಾರ ಭಾಳ ಸೇರಿತ್ತು ನನಗೆ. ಗುಣವಾದ ಮೇಲೂ ನಾಲ್ಕು ದಿನ ನರಳಿದ್ದೆ.

ಆದರೆ ನಾನು ಯಾವ ಗುಳಿಗೆಯನ್ನೂ ನುಂಗಿ ಬದುಕುತ್ತಿದ್ದ ಕೂಸಲ್ಲ. ಆಯಿಯ ಮನೆಯಲ್ಲಿ ಹಂಚು ಇಳಿದಿದ್ದರೆ ಗುಳಿಗೆಯೂ ನಿಂತಿರಬೇಕು. ಕಾವಲು ತೆಗೆದ ಮೈಗೆ ಅಮ್ಮ. ಅಂದು ರಾಮದುರ್ಗದ ಬಸ್ಸಿಗೆ ಕಾಯುತ್ತಿದ್ದವಳು ಅದನ್ನು ಬಿಟ್ಟು ಯರಗಟ್ಟಿ ಬಸ್ಸು ಹತ್ತಿದೆ.

ಯರಗಟ್ಟಿಯಲ್ಲಿ ಇಳಿದು ಬಸ್ಸು ಬದಲಿಸಿ, ಮನೋಳಿಯಿಂದ ಟಂಟಂ ಆಟೋ ಹಿಡಿದು ಆ ಊರು ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಿತ್ತು. ಹೊಸದಾಗಿ ಕಟ್ಟಿದ್ದು, ಅದರ ಕೆಳಗೆ ಒಣಗಿ ಮುರುಟಿದ ಹಳೆಯ ತೊಪ್ಪಲೂ ಇತ್ತು. ಅಂದರೆ ತಾಯಿ ಬಂದು ಬಹಳ ದಿನವಾಗಿದೆ. ಕಟ್ಟೆಯ ಮೇಲೆ ನೆರೆಮನೆಯ ಹೆಂಗಸು ಕಾವಲಿಗೆ ಕೂತ ಹಾಗೆ ಕೂತಿದ್ದಳು. ಆಯಿ ಹೊಸ್ತಿಲ ಒಳಗೆ ನಿಂತಳು. ಕೂದಲಿಗೆ ಎಣ್ಣೆ ಇಲ್ಲ, ಬಾಚಿಲ್ಲ, ಹಣೆಯ ವಿಭೂತಿಯೂ ಅರ್ಧ ಅಳಿಸಿತ್ತು. ನನಗಿಂತ ಹತ್ತು ಪಟ್ಟು ದಣಿದಿದ್ದಳು.

"ಬಾಯಾರ, ಬರಬ್ಯಾಡ್ರಿ ಅಂದಿದ್ನೆಲ್ರಿ."

"ಬಂದಾಗೇತಿ. ಕೂಸು ಹೆಂಗದ?"

"ತಾಯಿ ಆಡಾಕತ್ತಾಳ್ರಿ. ಒಣಗಿದ್ವು ಅಂತೀವಿ, ಮತ್ತ ಹೊಸಾವು ಏಳ್ತಾವ."

"ಎಷ್ಟ ದಿನಾ ಆತು?"

ನೆರೆಯವಳೇ ಉತ್ತರಿಸಿದಳು. "ಸಾಲ್ಯಾಗಿನ ಹುಡುಗೂರಿಗೆಲ್ಲಾ ಬಂದಿದ್ವು ಬಿಡ್ರಿ. ನಮ್ಮ ಮನ್ಯಾಗಿನವಕ್ಕೂ ಬಂದಿದ್ವು. ಅವು ನೀರ ಹಾಕ್ಕೊಂಡು ಸಾಲಿಗಿ ಹೋಗಾಕತ್ತಾವ. ಈ ಕೂಸಿಗೇ ಯಾಕೋ ತಾಯಿ ಬಿಡವಲ್ಲಳು. ಏನ ತಪ್ಪ ನಡದೈತೋ ಏನೋ."

ಯಾಕೆ ಬಿಡುತ್ತಿಲ್ಲ ಎಂದು ನನಗೆ ಗೊತ್ತು, ಆಯಿಗೆ ಗೊತ್ತು. ನೆರೆಯವಳ ಮುಂದೆ ಹೇಳುವ ಹಾಗಿಲ್ಲ. ಬಿಸಿ ತುಪ್ಪ, ಉಗುಳಲೂ ಆಗದು ನುಂಗಲೂ ಆಗದು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, "ರಕ್ತದ ಗುಳಿಗಿ ಕೊಡಾಕತ್ತೀರಿಲ್ಲೋ?" ಎಂದೆ.

ಆಯಿ ನೆಲ ನೋಡಿದಳು. ನೆರೆಯವಳು ಗಲ್ಲ ಗಲ್ಲ ಬಡಿದುಕೊಂಡಳು. "ಶಿವ ಶಿವಾ! ತಾಯಿ ಮುಂದ ಗುಳಿಗಿ ಅಂತೀರೆಲ್ರಿ, ನೀವು ಹೆಣ್ಣ ಹೆಂಗಸಲ್ಲೇನ್ರಿ?"

ಒಳಗಿನಿಂದ ಕೆಮ್ಮು ಕೇಳಿತು. ಒಣ ಕೆಮ್ಮು, ಬಿಟ್ಟೂ ಬಿಡದೆ. ಕೆಮ್ಮಿದ ಮೇಲೆ ಉಸಿರು ಎಳೆದುಕೊಳ್ಳುವ ಸದ್ದು ಹೊಸ್ತಿಲವರೆಗೂ ಬಂತು. ಪಕ್ಕಕ್ಕೆ ಹೋಗಿ ನಮ್ಮ ಡಾಕ್ಟರಮ್ಮನಿಗೆ ಫೋನು ಹಚ್ಚಿದೆ. ಆಕೆ ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. "ಉಸಿರು ಜೋರಾಗಿದ್ದರೆ ಅದು ಎದೆಗೆ ಇಳಿದಿದೆ. ರಕ್ತನಾಳದಲ್ಲಿ ಔಷಧ ಕೊಡಬೇಕು. ಇವತ್ತೇ ಸವದತ್ತಿಗೆ ತನ್ನಿ, ಅಲ್ಲಿಂದ ಬೆಳಗಾವಿಗೆ ನಾನು ಹೇಳಿಡುತ್ತೇನೆ. ನಾಳೆ ಅನ್ನಬೇಡಿ, ಕೂಸು ಉಳಿಯುವುದಿಲ್ಲ" ಎಂದಳು. ಅಂಬುಲೆನ್ಸಿಗೆ ಹಚ್ಚಿದರೆ ಅದು ಬೇರೊಂದು ಹೆರಿಗೆಗೆ ಹೋಗಿತ್ತು, ಹೊತ್ತಾಗುತ್ತದೆ ಎಂದರು.

ತಿರುಗಿ ಬಾಗಿಲಿಗೆ ಬಂದೆ. ಸುದೈವಕ್ಕೆ ನೆರೆಯವಳು ಮಜ್ಜಿಗೆ ತರಲು ತನ್ನ ಮನೆಗೆ ಹೋಗಿದ್ದಳು. ನಾನು ದನಿ ಇಳಿಸಿ ಆಯಿಗೆ ಹೇಳಿದೆ, ಡಬ್ಬಿ ತಗೊಂಡು ಕೂಸನ್ನು ಎಬ್ಬಿಸು, ದವಾಖಾನೆಗೆ ಹೋಗಬೇಕು ಎಂದೆ. ಆಯಿ ಅಲುಗಲಿಲ್ಲ.

"ಡಬ್ಬಿ ಇಲ್ರಿ."

"ಖಾಲಿ ಆತೇನು?"

"ಖಾಲಿ ಆಗಿಲ್ರಿ. ಕಳಿಸಿದೆ."

"ಕಳಿಸಿದೆ ಅಂದ್ರ? ಯಾರಿಗೆ?"

ಆಯಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು. ತಾಯಿ ಎಷ್ಟು ದಿನವಾದರೂ ಬಿಡದೇ ಇದ್ದಾಗ, ಮೈ ಒಣಗುವ ಮೊದಲೇ ಆಕೆಯನ್ನು ಸೀಮೆ ದಾಟಿಸಿ ಕಳಿಸುವುದೆಂದು ಹಿರಿಯರು ಹೇಳಿದರಂತೆ. ಹೊಸ ಮೊರ ತಂದು, ಅದರಲ್ಲಿ ಕುಬಸದ ಬಟ್ಟೆಯ ಕಣ, ಹಸಿರು ಬಳೆ, ಅರಿಷಿಣ ಕುಂಕುಮ, ಮೊಸರನ್ನದ ಬುತ್ತಿ ಇಟ್ಟು, ಗಂಡನ ಮನೆಗೆ ಹೋಗುವ ಮಗಳಿಗೆ ಉಡಿ ತುಂಬಿದ ಹಾಗೆ ತುಂಬಿ, ಸೀಮೆಕಲ್ಲಿನ ಹತ್ತಿರ ಇಟ್ಟು ಬಂದಿದ್ದಳು. ಇಟ್ಟವರು ಹೊರಳಿ ನೋಡಬಾರದು, ನೋಡಿದರೆ ತಾಯಿ ಬೆನ್ನ ಹಿಂದೆಯೇ ಮರಳಿ ಬರುತ್ತಾಳೆ. ಅದೇ ಮೊರದಲ್ಲಿ ಬುತ್ತಿಯ ಪಕ್ಕ ಗುಳಿಗೆ ಡಬ್ಬಿಯನ್ನೂ ಇಟ್ಟಿದ್ದಳು.

"ಸಣ್ಣ ರೋಗ ಒಯ್ಯಾಕ ಬಂದಾಳ ತಾಯಿ. ಹೋಗೂವಾಗ ಆ ದೊಡ್ಡ ರೋಗನೂ ಒಯ್ಯವ್ವಾ ಅಂತ ಕೇಳಕೊಂಡೆ. ಗುಳಿಗಿ ಇದ್ದಲ್ಲಿ ರೋಗ ಇರತೈತಿ ಅಲ್ರಿ? ಡಬ್ಬಿನ ಹೋದ್ರ ರೋಗನೂ ಹೋಗತೈತಿ ಅಂತ..."

ನನಗೆ ಎಂಥ ಸಿಟ್ಟು ಬಂತೆಂದರೆ ಹೇಳಲಾರೆ. ಇಷ್ಟು ವರ್ಷದ ನನ್ನ ತಿರುಗಾಟ, ಮೊಣಕಾಲು, ಬೈಗುಳ, ರಮಿಸಿದ್ದು ಎಲ್ಲ ಆ ಮೊರದಲ್ಲಿ ಹೋಯಿತಲ್ಲ ಎನಿಸಿತು. "ಆಯಿ, ನಿನಗ ಬುದ್ಧಿ ಐತೋ ಇಲ್ಲೋ!" ಎಂದು ಬಾಯಿ ತೆರೆದೆ. ಸಿಟ್ಟಿನ ಹಿಂದೆಯೇ ಅಳು ಬಂದುಬಿಟ್ಟಿತು. ಮಗಳು, ಅಳಿಯ ಇಬ್ಬರನ್ನೂ ಮಣ್ಣು ಮಾಡಿದ ಹೆಂಗಸು, ಮನೆಗೆ ಬಂದ ದೇವಿಯ ಹತ್ತಿರ ಒಂದು ಮಾತು ಕೇಳಿಕೊಂಡಿದ್ದಳು. ನಾನು ಆಕೆಯ ಜಾಗದಲ್ಲಿದ್ದರೆ ಕೇಳದೆ ಇರುತ್ತಿದ್ದೆನೇ?

ಆದರೆ ಒಳಗೆ ಕೂಸು ಉಸಿರು ಎಳೆಯುತ್ತಿತ್ತು. "ಆಯಿ, ತಾಯಿ ಹೋಗಿದ್ರ ಕೂಸು ಹಿಂಗ ಯಾಕ ಕೆಮ್ಮತಿತ್ತು? ಎದಿಗೆ ಇಳದೈತಿ. ಇವತ್ತ ಒಯ್ಯದಿದ್ರ ಕೂಸ ಉಳಿಯೂದಿಲ್ಲ, ಕೇಳಾಕತ್ತೇನು?"

"ತಾಯಿ ಮೈಮ್ಯಾಲ ಇರೂವಾಗ ಹೊಸ್ತಲಾ ದಾಟಿಸಿದ್ರ ಕಣ್ಣ ತಗೀತಾಳ್ರಿ. ಜೀವಾ ತಗೀತಾಳ."

"ಇಲ್ಲೇ ಇದ್ರ ತಗಿಯೂದಿಲ್ಲೇನು?"

ಆಯಿ ಎರಡೂ ಕೈಯಿಂದ ಬಾಗಿಲ ಚೌಕಟ್ಟು ಹಿಡಿದು ನಿಂತಳು. ನಾನು ನೂಕಿ ಒಳಗೆ ಹೋಗಬಹುದಿತ್ತು. ಹೋಗಿ ಕೂಸನ್ನು ಎತ್ತಿಕೊಂಡರೆ ಇಡೀ ಓಣಿ ಅಡ್ಡ ಬರುತ್ತಿತ್ತು. ಅಷ್ಟರಲ್ಲಿ ನೆರೆಯವಳು ಮಜ್ಜಿಗೆಯ ಚರಿಗೆ ಹಿಡಿದು ಬಂದಳು, ಹಿಂದೆ ಆಕೆಯ ಗಂಡನೂ. ನಮ್ಮ ಮಾತು ಅಲ್ಲಿಗೆ ಕಟ್ಟಾಯಿತು.

ಆಗ ಒಳಗಿನಿಂದ ದನಿ ಬಂತು. ಬಾಯಿಯ ಹುಣ್ಣಿನಿಂದ ಒಡೆದ, ಗೊಗ್ಗರು ದನಿ. ಆ ಹುಡುಗಿಯ ದನಿ ನನಗೆ ಚೆನ್ನಾಗಿ ಗೊತ್ತು, ಆದರೂ ಗುರುತು ಹತ್ತಲಿಲ್ಲ.

"ನನ್ನ ದವಾಖಾನಿಗೆ ಕರಕೊಂಡ ಹೋಗ್ರಿ."

ಆಯಿ ಚೌಕಟ್ಟು ಬಿಟ್ಟು ಒಳಕ್ಕೆ ತಿರುಗಿದಳು. ಕಂಬಳಿಯ ಮೇಲೆ, ಬೇವಿನ ತೊಪ್ಪಲಿನ ನಡುವೆ ಹುಡುಗಿ ಎದ್ದು ಕೂತಿದ್ದಳು. ಮುಖದಲ್ಲಿ ಕಣ್ಣು ಬಿಟ್ಟರೆ ಉಳಿದದ್ದೆಲ್ಲ ಗುಳ್ಳೆ. ಮತ್ತೆ ಹೇಳಿದಳು. "ದವಾಖಾನಿಗೆ ಒಯ್ಯಿರಿ. ಈಗ ಒಯ್ಯಿರಿ."

"ತಾಯಿ ಕೇಳಾಕತ್ತಾಳ!" ನೆರೆಯವಳು ಚರಿಗೆ ಕೆಳಗಿಟ್ಟು ಕೈಮುಗಿದಳು. "ತಾಯಿನ ಬಾಯಿಬಿಟ್ಟ ಕೇಳಿದ ಮ್ಯಾಲ ಇಲ್ಲ ಅನ್ನಾಕ ನಾವ ಯಾರವಾ?" ಇಷ್ಟು ಹೊತ್ತು ಬಾಗಿಲು ಕಾದವಳು ಆಕೆಯೇ. ಗಂಡನ ಕಡೆ ತಿರುಗಿ, "ಏನ ನೋಡಕೋತ ನಿಂತೀರಿ, ಗಾಡಿ ತರ್ರಿ" ಎಂದಳು. ಆತನದು ಟಂಟಂ ಇತ್ತು.

ಅದು ತಾಯಿಯಲ್ಲ, ಉಸಿರು ಹತ್ತದ ಕೂಸು ಎಂದು ಬುದ್ಧಿ ಹೇಳಲು ಹೋಗುವಷ್ಟು ಹುಚ್ಚಿ ನಾನಲ್ಲ. ಆಯಿ ಅಳುತ್ತಲೇ ಕೂಸಿನ ಕಾಲಿಗೆ ನೀರು ಹಾಕಿದಳು, ಹಣೆಗೆ ಅರಿಷಿಣ ಹಚ್ಚಿದಳು, ಹೊಸ ಬೇವಿನ ಟೊಂಗೆ ಮುರಿದು ಕೈಗೆ ಕೊಟ್ಟಳು. ಆತ ಗಾಡಿ ತಂದು ನಿಲ್ಲಿಸಿ, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡಿಸಲು ಕೂತ. ಗಾಡಿಯಲ್ಲಿ ದೇವಿ ಇದ್ದಾಳಲ್ಲ. ಕೂಸನ್ನು ನಮ್ಮಿಬ್ಬರ ನಡುವೆ ಒರಗಿಸಿಕೊಂಡೆವು. ಮೈ ಕಾದ ಹಂಚಾಗಿತ್ತು.

ಸವದತ್ತಿಯ ದಾರಿಯಲ್ಲೇ ಆ ಊರಿನ ಸೀಮೆಕಲ್ಲು. ಹತ್ತಿರ ಬಂದಾಗ ಆಯಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಆ ಕಡೆ ಹೊರಳಿದಳು. ಇಟ್ಟವಳು ನೋಡಬಾರದು. ಟಂಟಂ ಓಡಿಸುವವನೂ ನೆಟ್ಟಗೆ ರಸ್ತೆ ನೋಡುತ್ತಿದ್ದ. ನಾನು ನೋಡಿದೆ. ಮೊರ ಬೋರಲು ಬಿದ್ದಿತ್ತು. ಬುತ್ತಿಯನ್ನು ನಾಯಿ ತಿಂದಿರಬೇಕು, ಕಣವನ್ನು ಮುಳ್ಳಿನ ಕಂಟಿಗೆ ಎಳೆದು ಹಾಕಿತ್ತು. ಧೂಳಿನಲ್ಲಿ ಗುಳಿಗೆಯ ಬಿಳಿ ಡಬ್ಬಿ ಮುಚ್ಚಳ ಹಾಕಿದ್ದು ಹಾಕಿದ ಹಾಗೇ ಬಿದ್ದಿತ್ತು. ನಾನು ಕೂಸಿನ ಕಡೆ ನೋಡಿದೆ. ಅವಳೂ ಆ ಕಡೆಯೇ ನೋಡುತ್ತಿದ್ದಳು. ಗಾಡಿ ಮುಂದೆ ಹೋದ ಮೇಲೂ ಕತ್ತು ಹೊರಳಿಸಿ, ಕಾಣುವವರೆಗೆ ನೋಡಿದಳು.

ಸವದತ್ತಿಯಿಂದ ಅಂಬುಲೆನ್ಸು, ಅಲ್ಲಿಂದ ಬೆಳಗಾವಿ. ಬೇರೆ ಯಾರಿಗೂ ಹತ್ತಬಾರದೆಂದು ಒಂಟಿ ಕೋಣೆ ಕೊಟ್ಟರು. ಮೂಗಿಗೆ ಆಕ್ಸಿಜನ್, ಕೈಗೆ ಸಲೈನು, ಅದರೊಳಗೆ ಔಷಧ. ನರ್ಸೊಬ್ಬಳು ಹಾಸಿಗೆಯ ಮೇಲಿನ ಬೇವಿನ ಟೊಂಗೆಯನ್ನು ಕಸಕ್ಕೆ ಹಾಕಲು ಹೋದಳು. "ಇರಲಿ ಬಿಡವಾ ತಂಗಿ, ನಿನ್ನ ಸಲೈನಿಗೆ ಅದೇನ ಅಡ್ಡ ಬರತೈತಿ?" ಎಂದು ನಾನು ಗದರಿದೆ. ಆಕೆ ಪಾಪ, ಅದನ್ನು ಕಿಟಕಿಗೆ ಕಟ್ಟಿ ಹೋದಳು. ಆಯಿ ಬಾಗಿಲ ಹೊರಗೆ ಗೋಡೆಗೆ ಒರಗಿ ಕೂತು ಜಪ ಮಾಡುತ್ತಿದ್ದಳು. ಕೂಸು ಉಳಿಯುತ್ತದೋ ಇಲ್ಲವೋ ಎಂದು ಡಾಕ್ಟರರು ಕೆಲವು ದಿನ ನಮಗೆ ಬಾಯಿ ಬಿಟ್ಟು ಹೇಳಲಿಲ್ಲ. ಆ ದಿನಗಳ ಬಗ್ಗೆ ಬರೆಯಲು ನನಗೆ ತ್ರಾಣವಿಲ್ಲ.

ಉಳಿಯಿತು. ಕೆಮ್ಮು ಇಳಿಯಿತು, ಹೊಸ ಗುಳ್ಳೆ ಏಳುವುದು ನಿಂತಿತು, ಗಂಜಿ ಗಂಟಲಲ್ಲಿ ಇಳಿಯಿತು. ಡಾಕ್ಟರು ಹಳೆಯ ಗುಳಿಗೆಯನ್ನೂ ಮತ್ತೆ ಶುರು ಮಾಡಿದರು. ಹುಡುಗಿ ಮುಖದ ತುಂಬ ಕಲೆ ಹೊತ್ತು, ಕಡ್ಡಿಯ ಹಾಗೆ ಆಗಿ ಮನೆಗೆ ಹೋದಳು.

ಮನೆಗೆ ಹೋಗುವಾಗ ಕೊಟ್ಟ ಗುಳಿಗೆ ಮುಗಿಯುವ ಹೊತ್ತಿಗೆ ಆಯಿ ಹುಡುಗಿಯನ್ನು ಕರೆದುಕೊಂಡು ಕೇಂದ್ರಕ್ಕೆ ಬಂದಳು. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಳು, ಹಣೆಯ ತುಂಬ ವಿಭೂತಿ. ನನ್ನ ಕೈಗೆ ತೆಂಗಿನಕಾಯಿಯ ಹೋಳು, ಸಕ್ಕರೆ ಇಟ್ಟಳು. ಆಕೆ ನಕ್ಕದ್ದನ್ನು ನಾನು ಅಷ್ಟು ವರ್ಷದಲ್ಲಿ ನೋಡಿರಲಿಲ್ಲ. ಹೊಸ ಗುಳಿಗೆಯ ಡಬ್ಬಿ ಮುಂದೆ ಇಟ್ಟರೆ ಕೈಯಲ್ಲಿ ಮುಟ್ಟಲಿಲ್ಲ.

"ಇನ್ಯಾಕ್ರಿ ಬಾಯಾರ ಇದು? ತಾಯಿ ಒಯ್ದಳಲ್ರಿ. ಸಣ್ಣದೂ ಒಯ್ದಳು, ದೊಡ್ಡದೂ ಒಯ್ದಳು. ತಾನ ಬಾಯಿಬಿಟ್ಟು ದವಾಖಾನಿಗೆ ನಡೀರಿ ಅಂದು, ಜೀವಾ ಉಳಿಸಿಕೊಟ್ಟು ಹೋದ್ಲು. ದೊಡ್ಡದು ಉಳದಿದ್ರ ಕೂಸು ಬದಕತಿತ್ತೇನ್ರಿ?"

ಇಲ್ಲ ಆಯಿ, ಏನೂ ಹೋಗಿಲ್ಲ ಎಂದು ಹೇಳುವುದೇ ನನ್ನ ಕೆಲಸ. ಎಷ್ಟು ಮನೆಗಳಲ್ಲಿ, ಎಷ್ಟು ಮುಖಗಳ ಮುಂದೆ ಹೇಳಿದ್ದೇನೆ. ಅಂದು ಆ ನಗು ನೋಡಿ ನಾಲಿಗೆ ಏಳಲಿಲ್ಲ. ಬೈಯಲೂ ತ್ರಾಣ ಇರಲಿಲ್ಲ. ಗುಳಿಗೆ ಇಲ್ಲದೆ ಹೋದರೆ ಮುಂದಿನ ಸಲ ಯಾವ ತಾಯಿ ಬರುತ್ತಾಳೋ, ಯಾವ ಹುಣ್ಣು ಬರುತ್ತದೋ, ಆಗ ಕೂಸು ಬಾಯಿಬಿಟ್ಟು ಕೇಳಿಕೊಳ್ಳುವಷ್ಟಾದರೂ ಉಳಿದಿರುತ್ತದೋ ಇಲ್ಲವೋ. "ಕುಂಡ್ರ ಆಯಿ, ಚಾ ಕುಡದ ಬಾ ಮೊದಲ" ಎಂದು ಆಕೆಯನ್ನು ಹೊರಗೆ ಕಳಿಸಿದೆ.

ಹುಡುಗಿ ಬೆಂಚಿನ ಮೇಲೆ ಕೂತು ಕೆನ್ನೆಯ ಹೊಪ್ಪಳೆ ಕೀಳುತ್ತಿದ್ದಳು. "ಕೀಳಬ್ಯಾಡ, ಕಲಿ ಉಳೀತಾವ" ಎಂದೆ. ನನ್ನ ಹುಬ್ಬನ್ನು ತೋರಿಸಿದೆ. ಅವಳು ನೋಡಿದಳು.

"ಅವತ್ತ ದವಾಖಾನಿಗೆ ಒಯ್ಯಿರಿ ಅಂದಾಕಿ ಯಾರು? ನೀನೋ, ತಾಯಿಯೋ?" ಎಂದು ನಗಿಸಲು ಕೇಳಿದೆ.

"ನನಗ ಉಸರ ಹಾಯವಲ್ದಾಗಿತ್ರಿ" ಎಂದಳು, ಅಷ್ಟೇ. ಆಮೇಲೆ, "ಬಾಯಾರ, ದೊಡ್ಡ ರೋಗ ಅಂದ್ರ ಯಾವ್ದು?"

ಬಾಗಿಲಲ್ಲಿ ನಾವು ಆಡಿದ್ದನ್ನೆಲ್ಲ ಅವಳು ಕೇಳಿದ್ದಳು. ಮಕ್ಕಳಿಗೆ ಹೇಳಲು ನಮ್ಮ ಹತ್ತಿರ ಚಿತ್ರಗಳಿವೆ, ಮೈಯೊಳಗಿನ ಸೈನಿಕರು, ನಿದ್ದೆ ಹೋದ ವೈರಿ, ಹಾಗೆಲ್ಲ. ಡ್ರಾವರಿನಿಂದ ತೆಗೆಯಲು ಕೈ ಹಾಕಿದೆ, ಬೇಡವೆನಿಸಿ ಬಿಟ್ಟೆ. ರೋಗದ ಹೆಸರು ಹೇಳಿದೆ. ಅವಳಿಗೆ ಹೇಗೆ ಬಂತು ಎಂದು ಹೇಳಿದೆ, ಅದರಲ್ಲಿ ಅವಳ ತಪ್ಪಿಲ್ಲ, ಅವ್ವನ ತಪ್ಪೂ ಇಲ್ಲ ಎಂದೆ.

"ಅಪ್ಪಾ ಅವ್ವಾ ಹೋಗಿದ್ದೂ ಅದರಿಂದನ?"

"ಹೂಂ, ಮಗಳ. ಅವರು ಗುಳಿಗಿ ತಡಾ ಮಾಡಿ ಶುರು ಮಾಡಿದ್ರು."

"ಅದು ಹೋಗೂದಿಲ್ಲಲ್ರಿ?"

"ಹೋಗೂದಿಲ್ಲ. ಗುಳಿಗಿ ತಗೊಂಡ್ರ ಸುಮ್ನ ಮಲಗಿರತೈತಿ. ನೀ ದೊಡ್ಡಾಕಿ ಆಗಬಹುದು, ಕಲೀಬಹುದು, ಮುದುಕಿ ಆಗಿ ನನ್ನಂಗ ಎಲ್ಲಾರನ್ನೂ ಬೈಕೋತ ತಿರಗಬಹುದು. ಬಿಟ್ರ ಎದ್ದ ಕುಂಡರತೈತಿ."

ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ಕಾಲು ಆಡಿಸುತ್ತ ಹೊರಗೆ ನೋಡಿದಳು. ಅಲ್ಲಿ ಆಯಿ ಚಹಾ ಅಂಗಡಿಯ ಮುಂದೆ ನಿಂತು, ಗುರುತಿಲ್ಲದ ಯಾವಳೋ ಹೆಂಗಸಿಗೆ ಕೈ ಎತ್ತಿ ಎತ್ತಿ ತಾಯಿಯ ಮಹಿಮೆ ಹೇಳುತ್ತಿದ್ದಳು.

"ನನಗ ಗೊತ್ತಿತ್ರಿ ಹೋಗಿಲ್ಲಂತ" ಎಂದಳು ಹುಡುಗಿ. "ಸೀಮಿಕಲ್ಲಿನ ಹತ್ರ ಡಬ್ಬಿ ಹಂಗ ಬಿದ್ದಿತ್ತಲ್ರಿ. ನೀವೂ ನೋಡಿದ್ರಿ."

"ಹೂಂ, ನೋಡಿದೆ."

"ಆಯಿ ನೋಡಿಲ್ರಿ. ಆಕಿ ಮಾರಿ ಮುಚಗೊಂಡಿದ್ಲು." ನನ್ನ ಕಡೆ ತಿರುಗಿದಳು. "ಆಕಿಗೆ ಹೇಳಬ್ಯಾಡ್ರಿ, ಬಾಯಾರ."

"ಹೇಳದಿದ್ರ ಗುಳಿಗಿ ಒಯ್ಯೂದಿಲ್ಲವಾ ಆಕಿ. ಯಾಕಂತ ಕೇಳಿದ್ರ ನಾ ಏನ ಹೇಳ್ಲಿ?"

ಹುಡುಗಿ ಯೋಚಿಸಲೂ ಇಲ್ಲ.

"ಕೂಸಿಗೆ ರಕ್ತ ಕಡಿಮಿ ಐತಿ ಅಂತ ಹೇಳ್ರಿ."

ಆಯಿ ಚಹಾ ಕುಡಿದು ಬಂದಳು. ನಾನು ಹಾಗೇ ಹೇಳಿದೆ. ಆಯಿ ಹುಡುಗಿಯ ರಟ್ಟೆ ಹಿಡಿದು ನೋಡಿ, "ಹೌದ ಬಿಡ್ರಿ, ಎಷ್ಟ ಸೊರಗ್ಯಾಳ ನೋಡ್ರಿ ಕೂಸು" ಎಂದು ಡಬ್ಬಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. "ರಕ್ತ ಕಡಿಮಿ ಐತಂತ. ದಿನಾ ತಗೋಬೇಕ, ತಿಳೀತಿಲ್ಲೋ?" ಎಂದು ಮೊಮ್ಮಗಳಿಗೆ ತಾಕೀತು ಮಾಡಿದಳು.

"ಹೂಂ ಆಯಿ, ತಿಳೀತು" ಎಂದು ಹುಡುಗಿ ಎದ್ದು, ಮುದುಕಿಯ ಕೈ ಹಿಡಿದು, ಎರಡೂ ಕಡೆ ನೋಡಿ ರಸ್ತೆ ದಾಟಿಸಿದಳು.